ಡಸ್ಕಿ ಚಾಲೆಂಜರ್ ಐರಿಸ್: ಗೆಡ್ಡೆಯ ಬೆನ್ನಿಗೆ ಬಿಸಿಲು ಬೀಳಬೇಕು

ಊರಲ್ಲಿ ಶುಂಠಿ, ಅರಿಶಿನ ಬೆಳೆದು ಗೊತ್ತಿದ್ದು ಈಗ ಅಮೆರಿಕ, ಇಂಗ್ಲೆಂಡಿನ ಅಂಗಳದಲ್ಲಿ ಗಿಡ ನೆಡುವವರಿಗೇ ಗಡ್ಡದ ಐರಿಸ್ ಎಂಬ ಹೂಗಿಡ ಹೆಚ್ಚಾಗಿ ಕೈಕೊಡುತ್ತದೆ. ಗೆಡ್ಡೆ ನೋಡಲು ಥೇಟ್ ಶುಂಠಿ. ಕೈ ತಾನಾಗಿಯೇ ಅದನ್ನು ಎರಡು ಮೂರು ಇಂಚು ಆಳಕ್ಕೆ ಹೂಳುತ್ತದೆ, ಮೇಲೆ ಕೊಟ್ಟಿಗೆ ಗೊಬ್ಬರ ಸುರಿಯುತ್ತದೆ, ತರಗೆಲೆ ಹೊದಿಸಿ ದಿನ ಬಿಟ್ಟು ದಿನ ನೀರು ಹಾಕುತ್ತದೆ. ಕೆಲವೇ ವಾರಗಳಲ್ಲಿ ಗೆಡ್ಡೆ ಕೊಳೆತು ನಾರತೊಡಗುತ್ತದೆ. ಕೊಳೆಯದೆ ಉಳಿದರೂ ಎಲೆ ಮಾತ್ರ ಹುಲುಸಾಗಿ ಬಂದು ಹೂವಿನ ಸುಳಿವೇ ಇರುವುದಿಲ್ಲ. ಶುಂಠಿಗೆ ಯಾವುದು ಉಪಚಾರವೋ ಐರಿಸ್‌ಗೆ ಅದೇ ಅಪಚಾರ. ಹೂಳಬಾರದು, ಹೊದಿಸಬಾರದು, ಗೊಬ್ಬರ ಹೆಚ್ಚಾಗಬಾರದು, ನೀರು ನಿಲ್ಲಬಾರದು.

ಕಾರಣ ಈ ಗಿಡದ ಮೂಲದಲ್ಲಿದೆ. ಇವತ್ತಿನ ಎತ್ತರದ ಗಡ್ಡದ ಐರಿಸ್‌ಗಳೆಲ್ಲ ದಕ್ಷಿಣ ಮತ್ತು ಮಧ್ಯ ಯುರೋಪಿನ ಪ್ರಭೇದಗಳನ್ನು ಟರ್ಕಿ, ಸೈಪ್ರಸ್ ಕಡೆಯ ದೊಡ್ಡ ಹೂವಿನ ಪ್ರಭೇದಗಳೊಂದಿಗೆ ಅಡ್ಡಹಾಯಿಸಿ ಬಂದ ಮಿಶ್ರತಳಿಗಳು. ಆ ನೆಲದಲ್ಲಿ ಚಳಿಗಾಲ ನಿಜವಾಗಿಯೂ ತಣ್ಣಗಿರುತ್ತದೆ, ವಸಂತದಲ್ಲಿ ತೇವ ಸಿಗುತ್ತದೆ, ಬೇಸಿಗೆ ಒಣಗಿ ಬಿರುಕು ಬಿಡುತ್ತದೆ. ಒಣ ಬೇಸಿಗೆಯನ್ನು ದಾಟಲೆಂದೇ ಗೆಡ್ಡೆ ನೆಲದ ಮೇಲ್ಮೈಯಲ್ಲಿ ಮಲಗಿ, ತನ್ನೊಳಗೆ ನೀರು, ಪಿಷ್ಟ ತುಂಬಿಕೊಂಡಿರುತ್ತದೆ. ನಮ್ಮ ಶುಂಠಿ ಮಳೆಗಾಲದ ಗಿಡ, ಇದು ಬಿಸಿಲಿನ ಗಿಡ. ಹೇಗೆ ನೆಡಬೇಕು, ಎಷ್ಟು ನೀರು ಹಾಕಬೇಕು ಎನ್ನುವುದೆಲ್ಲ ಇದರಿಂದಲೇ ಹೊರಡುತ್ತದೆ.

ತಳಿ ಯಾವುದು, ಗುರುತು ಏನು

ಇಲ್ಲಿ ಹೇಳುತ್ತಿರುವುದು ಡಸ್ಕಿ ಚಾಲೆಂಜರ್ ಎಂಬ ತಳಿಯ ಬಗ್ಗೆ. ಅಮೆರಿಕದ ಆರೆಗನ್ ರಾಜ್ಯದ ಸೇಲಂನಲ್ಲಿರುವ ಶ್ರೈನರ್ಸ್ ಐರಿಸ್ ತೋಟದವರು ಇದನ್ನು 1986ರಲ್ಲಿ ಹೊರತಂದರು. 1992ರಲ್ಲಿ ಇದಕ್ಕೆ ಡೈಕ್ಸ್ ಪದಕ ಬಂತು. ಐರಿಸ್ ತಳಿಯೊಂದಕ್ಕೆ ಅಮೆರಿಕದಲ್ಲಿ ಅದಕ್ಕಿಂತ ದೊಡ್ಡ ಮನ್ನಣೆ ಇಲ್ಲ. ಅಮೆರಿಕನ್ ಐರಿಸ್ ಸೊಸೈಟಿಯ ಸದಸ್ಯರು ಮೆಚ್ಚಿನ ತಳಿಗೆ ಹಾಕುವ ಮತದಲ್ಲೂ ಇದು ಹಲವು ವರ್ಷ ಮೊದಲ ಸ್ಥಾನದಲ್ಲಿತ್ತು. ಹೊಸ ತಳಿಗಳು ವರ್ಷ ವರ್ಷ ಬರುತ್ತಲೇ ಇವೆ. ಆದರೂ ಮೊದಲ ಸಲ ಐರಿಸ್ ನೆಡುವವರಿಗೆ ಇದನ್ನೇ ಹೇಳುತ್ತೇವೆ. ಗಿಡ ಗಟ್ಟಿ, ಮರಿ ಬೇಗ ಕಟ್ಟುತ್ತದೆ, ಹಳೆಯ ತಳಿಯಾದ್ದರಿಂದ ಬೆಲೆಯೂ ಇಳಿದಿದೆ.

ಹೂದಂಟಿನ ದಾಖಲಾದ ಎತ್ತರ 39 ಇಂಚು, ಅಂದರೆ ಹೆಚ್ಚುಕಡಿಮೆ ಒಂದು ಮೀಟರ್. ಗಡ್ಡದ ಐರಿಸ್‌ಗಳಲ್ಲಿ ಇಪ್ಪತ್ತೇಳೂವರೆ ಇಂಚು ಮೀರಿದವೆಲ್ಲ ಎತ್ತರದ ವರ್ಗಕ್ಕೆ ಸೇರುತ್ತವೆ. ಅವುಗಳಲ್ಲೂ ಇದು ಎತ್ತರದ್ದೇ. ಹೂವು ಅಂಗೈಯನ್ನು ಮೀರುವಷ್ಟು ದೊಡ್ಡದು, ಅಂಚು ಅಲೆಅಲೆಯಾಗಿರುತ್ತದೆ. ಮೇಲೆದ್ದು ನಿಲ್ಲುವ ಮೂರು ಎಸಳು ಮತ್ತು ಕೆಳಗೆ ಇಳಿಬೀಳುವ ಮೂರು ಎಸಳು ಎರಡೂ ಕಡುನೇರಳೆ. ಇಳಿಎಸಳು ಇನ್ನಷ್ಟು ಕಪ್ಪಗೆ, ರೇಷ್ಮೆಯ ಹೊಳಪಿನೊಂದಿಗೆ. ಇಳಿಎಸಳಿನ ಬುಡದಲ್ಲಿ ರೋಮ ಸಾಲಾಗಿ ಮೂಡಿರುವುದಕ್ಕೇ ಗಡ್ಡ ಎನ್ನುವುದು. ಈ ತಳಿಯಲ್ಲಿ ಆ ಗಡ್ಡವೂ ಕಡುನೇರಳೆಯೇ. ಹಳದಿ ಅಥವಾ ಕಿತ್ತಳೆ ಬಣ್ಣದ ಗಡ್ಡವಿದ್ದರೆ ನಿಮಗೆ ಬಂದಿರುವುದು ಬೇರೆ ತಳಿ. ಹೂವಿಗೆ ಚಾಕೊಲೇಟಿನ ನೆನಪು ತರುವ ವಾಸನೆ ಇದೆ. ಬಿಸಿಲೇರಿದ ಮೇಲೆ ಮೂಸಿದರೆ ಚೆನ್ನಾಗಿ ಗೊತ್ತಾಗುತ್ತದೆ. ಐರಿಸ್ ಕಾಲದ ನಡುವಿನಿಂದ ಕೊನೆಯವರೆಗೆ ಅರಳುತ್ತದೆ, ವರ್ಷಕ್ಕೆ ಒಂದೇ ಸಲ. ಶರತ್ಕಾಲದಲ್ಲೂ ಮತ್ತೆ ಹೂ ಬೇಕೆನ್ನುವವರು ಬಿಳಿಯ ಇಮ್ಮಾರ್ಟಾಲಿಟಿಯಂಥ ತಳಿಯನ್ನು ಹುಡುಕಬೇಕು.

ಕೊಳ್ಳುವಾಗ ಒಂದು ಎಚ್ಚರ. ಆನ್‌ಲೈನ್ ಸಂತೆಗಳಲ್ಲಿ ಡಸ್ಕಿ ಚಾಲೆಂಜರ್ ಬೀಜ ಎಂದು ಪೊಟ್ಟಣ ಮಾರುವವರಿದ್ದಾರೆ. ಈ ತಳಿಗೆ ಬೀಜದ ದಾರಿಯೇ ಇಲ್ಲ. ಬೀಜದಿಂದ ಹುಟ್ಟುವ ಪ್ರತಿ ಸಸಿಯೂ ಬೇರೆಯದೇ ಆಗಿರುತ್ತದೆ, ಹೂ ನೋಡಲು ಎರಡು ಮೂರು ವರ್ಷ ಬೇಕು. ತಾಯಿಯಂತೆಯೇ ಹೂ ಬೇಕಾದರೆ ಗೆಡ್ಡೆಯೇ ಬೇಕು. ಐರಿಸ್ ತೋಟದವರು ಜುಲೈನಿಂದ ಸೆಪ್ಟೆಂಬರ್ ನಡುವೆ ಮಣ್ಣಿಲ್ಲದ, ಬೇರು ಮೋಟು ಮಾಡಿದ, ಎಲೆಯನ್ನು ಆರು ಇಂಚಿಗೆ ಕತ್ತರಿಸಿದ ಗೆಡ್ಡೆಯನ್ನು ಅಂಚೆಯಲ್ಲಿ ಕಳಿಸುತ್ತಾರೆ. ಒಣಗಿದಂತೆ ಕಂಡರೆ ಗಾಬರಿ ಬೇಡ. ಹಿಸುಕಿ ನೋಡಿ, ಗಟ್ಟಿಯಾಗಿದ್ದರೆ ಜೀವ ಇದೆ. ಮೆತ್ತಗಾಗಿ ನೀರು ಒಸರುತ್ತಿದ್ದರೆ ವಾಪಸ್ ಮಾಡಿ. ಗೆಡ್ಡೆ ಬಂದ ದಿನವೇ ಪೆಟ್ಟಿಗೆ ಬಿಚ್ಚಿ ನೆರಳಲ್ಲಿ ಗಾಳಿಗೆ ಹರಡಿ. ಒಂದೆರಡು ವಾರ ಹಾಗೇ ಇದ್ದರೂ ಏನೂ ಆಗುವುದಿಲ್ಲ, ಆದರೆ ಪ್ಲಾಸ್ಟಿಕ್ ಚೀಲದೊಳಗೆ ಎರಡು ದಿನ ಇಟ್ಟರೂ ಬೂಸ್ಟು ಹಿಡಿಯುತ್ತದೆ.

ಜಾಗ ಮತ್ತು ಮಣ್ಣು

ದಿನಕ್ಕೆ ಆರು ಗಂಟೆ ನೇರ ಬಿಸಿಲು ಕನಿಷ್ಠ, ಎಂಟಾದರೆ ಒಳ್ಳೆಯದು. ಟೆಕ್ಸಸ್, ಅರಿಜೋನಾ ಕಡೆ ಮಾತ್ರ ಮಧ್ಯಾಹ್ನ ಮೂರು ಗಂಟೆಯ ನಂತರ ಸ್ವಲ್ಪ ನೆರಳಿರಲಿ. ಕಡುಬಣ್ಣದ ಎಸಳು ಬಿಸಿಲಿನ ಕಾವನ್ನು ಬೇಗ ಹೀರುತ್ತದೆ. ತಿಳಿಬಣ್ಣದ ಐರಿಸ್ ತಡೆದುಕೊಳ್ಳುವ ಮಧ್ಯಾಹ್ನಕ್ಕೆ ಇದು ಬಾಡಿ ಜೋತು ಬೀಳುತ್ತದೆ.

ಕಡುಬಣ್ಣದ ಹೂವಿಗೆ ಇನ್ನೊಂದು ತೊಡಕಿದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ದಟ್ಟ ಹಸಿರು ಬೇಲಿಯ ಮುಂದೆ, ಕಂದು ಬಣ್ಣದ ಕಟ್ಟಿಗೆ ಗೋಡೆಯ ಮುಂದೆ ನೆಟ್ಟರೆ ಹತ್ತು ಅಡಿ ದೂರದಿಂದ ಹೂವೇ ಕಾಣುವುದಿಲ್ಲ. ಹಿಂದೆ ತಿಳಿ ಬಣ್ಣದ ಗೋಡೆಯೋ, ತಿಳಿಹಳದಿ ಅಥವಾ ಬಿಳಿ ಐರಿಸ್‌ನ ಸಾಲೋ ಇರಲಿ. ಬೆಳಗಿನ ಅಥವಾ ಸಂಜೆಯ ಬಿಸಿಲು ಹೂವಿನ ಹಿಂದಿನಿಂದ ಬರುವಂತಿದ್ದರೆ ಮೇಲೆಸಳು ಕೆಂಪುನೇರಳೆಯಾಗಿ ಹೊಳೆಯುತ್ತದೆ. ನಡೆಯುವ ದಾರಿಯ ಪಕ್ಕದಲ್ಲಿ ನೆಟ್ಟರೆ ವಾಸನೆಯೂ ಸಿಗುತ್ತದೆ.

ಮಣ್ಣು ಯಾವುದಾದರೂ ನಡೆಯುತ್ತದೆ, ನೀರು ಬಸಿದು ಹೋಗಬೇಕು ಅಷ್ಟೆ. ಪರೀಕ್ಷೆ ಸುಲಭ. ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೋಡಿ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಎರಡನೆಯ ಸಲದ ನೀರು ಮೂರು ನಾಲ್ಕು ಗಂಟೆಯಲ್ಲಿ ಇಂಗಿದರೆ ಅಲ್ಲೇ ನೆಡಬಹುದು. ಮಾರನೆಯ ದಿನವೂ ನಿಂತಿದ್ದರೆ ಏರುಮಡಿ ಮಾಡದೆ ಗತಿಯಿಲ್ಲ: ಸುತ್ತಲಿನ ನೆಲಕ್ಕಿಂತ ಆರರಿಂದ ಎಂಟು ಇಂಚು ಎತ್ತರ, ಎರಡು ಅಡಿ ಅಗಲ. ಜೇಡಿಮಣ್ಣಿಗೆ ಬರೀ ಮರಳು ಬೆರೆಸಿದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಚೆನ್ನಾಗಿ ಕಳಿತ ಕಾಂಪೋಸ್ಟ್ ಎರಡು ಇಂಚು ಹರಡಿ, ಸಲಿಕೆಯಾಳದವರೆಗೆ ಅಗೆದು ಬೆರೆಸಿ. ಹಸಿ ಸಗಣಿ, ಕೋಳಿಗೊಬ್ಬರ ಹತ್ತಿರವೂ ತರಬೇಡಿ. ಮಣ್ಣಿನ ಪಿಎಚ್ 6.8ರ ಆಸುಪಾಸು ಇದ್ದರೆ ಚೆನ್ನ. ಬಹಳ ಹುಳಿಮಣ್ಣಾದರೆ ಪರೀಕ್ಷೆ ಮಾಡಿಸಿ ಸುಣ್ಣ ಹಾಕಿ, ಅಂದಾಜಿಗೆ ಸುರಿಯಬೇಡಿ.

ಯಾವಾಗ ನೆಡಬೇಕು

ಹೂ ಮುಗಿದು ಆರು ವಾರದ ನಂತರ ಗೆಡ್ಡೆ ಅರೆನಿದ್ರೆಗೆ ಹೋಗುತ್ತದೆ. ಕೀಳಲು, ನೆಡಲು ಅದೇ ಹೊತ್ತು. ಕೊನೆಯ ಗಡುವು ಎಂದರೆ ಹಿಮಗಟ್ಟುವ ಚಳಿ ಶುರುವಾಗುವುದಕ್ಕೆ ಆರು ವಾರ ಮೊದಲು. ಮಿನೆಸೋಟ, ಮಿಷಿಗನ್, ಷಿಕಾಗೊ ಕಡೆಯವರು ಜುಲೈ ಕೊನೆಯಿಂದ ಆಗಸ್ಟ್ ಒಳಗೆ ಮುಗಿಸಬೇಕು. ನ್ಯೂಜರ್ಸಿ, ವರ್ಜೀನಿಯಾದಲ್ಲಿ ಸೆಪ್ಟೆಂಬರ್ ಮಧ್ಯದವರೆಗೂ ತಡೆಯಬಹುದು. ಡಲ್ಲಾಸ್, ಫೀನಿಕ್ಸ್‌ನಂಥ ಬಿಸಿಯೂರುಗಳಲ್ಲಿ ಜುಲೈ ನೆಲ ಗೆಡ್ಡೆಯನ್ನು ಬೇಯಿಸಿಬಿಡುತ್ತದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ವರೆಗೆ ಕಾಯಿರಿ. ಇಂಗ್ಲೆಂಡಿನಲ್ಲಿ ಜುಲೈನಿಂದ ಸೆಪ್ಟೆಂಬರ್. ವಸಂತದಲ್ಲಿ ನರ್ಸರಿಯಲ್ಲಿ ಕುಂಡದ ಗಿಡ ಸಿಗುತ್ತದೆ, ಅದನ್ನು ನೆಟ್ಟರೂ ಬದುಕುತ್ತದೆ. ಆದರೆ ಆ ವರ್ಷ ಹೂ ಕಡಿಮೆ.

ನೆಡುವ ಬಗೆ

ಎಂಟು ಹತ್ತು ಇಂಚು ಅಗಲ, ನಾಲ್ಕೈದು ಇಂಚು ಆಳದ ಗುಂಡಿ ಸಾಕು. ಅದರ ನಡುವೆ ಮಣ್ಣಿನ ದಿಬ್ಬ ಕಟ್ಟಿ. ದಿಬ್ಬದ ನೆತ್ತಿ ಸುತ್ತಲಿನ ನೆಲದ ಮಟ್ಟಕ್ಕೆ ಬರಬೇಕು. ಗೆಡ್ಡೆಯನ್ನು ಅದರ ಮೇಲೆ ಅಡ್ಡಡ್ಡ ಮಲಗಿಸಿ, ಬೇರುಗಳನ್ನು ಎರಡೂ ಬದಿಗೆ ಇಳಿಬಿಡಿ. ಬೇರು ಆಳಕ್ಕೆ ಹೋಗಲಿ, ಗೆಡ್ಡೆ ಮೇಲೇ ಇರಲಿ. ಮಣ್ಣು ತುಂಬಿ ಅಂಗೈಯಿಂದ ಗಟ್ಟಿಯಾಗಿ ಒತ್ತಿ. ಬೇರಿನ ಸಂದಿಯಲ್ಲಿ ಗಾಳಿ ಉಳಿಯಬಾರದು. ಮುಗಿದ ಮೇಲೆ ಗೆಡ್ಡೆಯ ಬೆನ್ನು ಕಣ್ಣಿಗೆ ಕಾಣುತ್ತಿರಬೇಕು, ಇಲ್ಲವೇ ಮೇಲೆ ತೆಳುವಾಗಿ ಮಣ್ಣು ಉದುರಿಸಿದಷ್ಟೇ ಇರಬೇಕು. ಬಿಸಿಯೂರುಗಳಲ್ಲಿ, ತೀರಾ ಸಡಿಲ ಮರಳುಮಣ್ಣಿನಲ್ಲಿ ಒಂದು ಇಂಚಿನವರೆಗೆ ಮುಚ್ಚಬಹುದು. ಅದಕ್ಕಿಂತ ಹೆಚ್ಚು ಎಲ್ಲೂ ಬೇಡ.

ಗೆಡ್ಡೆ ಎಲೆ ಇರುವ ತುದಿಯ ಕಡೆಗೆ ಬೆಳೆಯುತ್ತ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಒಂದೇ ತಳಿಯ ಮೂರು ಗೆಡ್ಡೆಗಳನ್ನು ತ್ರಿಕೋನಾಕಾರದಲ್ಲಿ, ಒಂದು ಅಡಿ ಅಂತರದಲ್ಲಿ, ಎಲೆತುದಿ ಹೊರಮುಖವಾಗಿ ನೆಟ್ಟರೆ ಒಂದನ್ನೊಂದು ತುಳಿಯದೆ ಎರಡನೆಯ ವರ್ಷವೇ ತುಂಬಿದ ಗುಂಪಾಗುತ್ತದೆ. ಸಾಲಾಗಿ ನೆಡುವುದಾದರೆ ಎಲ್ಲವೂ ಒಂದೇ ದಿಕ್ಕಿಗೆ ಇರಲಿ. ಗೆಡ್ಡೆಯ ಬೋಳು ಬೆನ್ನು ದಕ್ಷಿಣಕ್ಕೆ, ಎಲೆ ಉತ್ತರಕ್ಕೆ ಬಂದರೆ ಎಲೆಯ ನೆರಳು ಗೆಡ್ಡೆಯ ಮೇಲೆ ಬೀಳುವುದಿಲ್ಲ. ಬೇರೆ ಬೇರೆ ತಳಿಗಳ ನಡುವೆ ಒಂದೂವರೆಯಿಂದ ಎರಡು ಅಡಿ ಬಿಡಿ. ಡಸ್ಕಿ ಚಾಲೆಂಜರ್ ಮರಿ ಜಾಸ್ತಿ ಕಟ್ಟುವುದರಿಂದ ಎರಡು ಅಡಿಯೇ ಸರಿ.

ನೆಟ್ಟ ದಿನ ಬುಡ ಪೂರ್ತಿ ನೆನೆಯುವಷ್ಟು ನೀರು. ಆಮೇಲೆ ಬೆರಳು ಚುಚ್ಚಿ ನೋಡಿ, ಮೇಲಿನ ಎರಡು ಇಂಚು ಒಣಗಿದ ಮೇಲಷ್ಟೇ ಮತ್ತೆ. ಮಳೆ ಬಾರದಿದ್ದರೆ ಹೆಚ್ಚುಕಡಿಮೆ ಎಂಟು ಹತ್ತು ದಿನಕ್ಕೊಮ್ಮೆ. ಮೂರು ನಾಲ್ಕು ವಾರದಲ್ಲಿ ನಡುವಿನಿಂದ ಹೊಸ ಎಲೆ ಏಳುತ್ತದೆ; ಅಲ್ಲಿಗೆ ಬೇರು ಹಿಡಿದಂತೆ. ಹಳೆಯ ಮೋಟೆಲೆ ಹಳದಿಯಾಗಿ ಒಣಗುವುದು ಸಹಜ. ತಳಿಯ ಹೆಸರು ಬರೆದ ಫಲಕ ಅದೇ ದಿನ ಊರಿಬಿಡಿ. ಹೂವಿಲ್ಲದಾಗ ಎಲ್ಲ ಐರಿಸ್‌ಗಳೂ ಒಂದೇ ತರಹ ಕಾಣುತ್ತವೆ.

ಮೊದಲ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಕರಗಿ ಮತ್ತೆ ಹೆಪ್ಪುಗಟ್ಟುವಾಗ ಹೊಸ ಗೆಡ್ಡೆ ಮಣ್ಣಿನಿಂದ ಹೊರಕ್ಕೆ ತಳ್ಳಿಸಿಕೊಂಡು ಬರುತ್ತದೆ. ಹಾಗೆ ಬಂದದ್ದನ್ನು ಕಿತ್ತು ನೆಡಬೇಡಿ, ಸುತ್ತ ಮಣ್ಣು ಒತ್ತಿ ಕೂರಿಸಿ. ತೀರಾ ಚಳಿಯ ರಾಜ್ಯಗಳಲ್ಲಿ ನೆಲ ಪೂರ್ತಿ ಹೆಪ್ಪುಗಟ್ಟಿದ ಮೇಲೆ ಪೈನ್ ಕೊಂಬೆಗಳನ್ನು ಸಡಿಲವಾಗಿ ಹೊದಿಸಿ, ವಸಂತ ಶುರುವಾದ ಕೂಡಲೇ ತೆಗೆಯಿರಿ. ಹೊದಿಕೆ ಎಂಬುದು ಈ ಗಿಡಕ್ಕೆ ಆ ಒಂದು ಚಳಿಗಾಲಕ್ಕೆ ಮಾತ್ರ.

ಗೊಬ್ಬರ, ನೀರು, ಕಳೆ

ಗೊಬ್ಬರ ವರ್ಷಕ್ಕೆ ಎರಡು ಸಲ ಸಾಕು: ವಸಂತದಲ್ಲಿ ಹೂ ಬರುವುದಕ್ಕೆ ಆರೆಂಟು ವಾರ ಮೊದಲು ಒಮ್ಮೆ, ಹೂ ಮುಗಿದು ಒಂದು ತಿಂಗಳಿಗೆ ಇನ್ನೊಮ್ಮೆ. ಚೀಲದ ಮೇಲಿನ ಮೂರು ಅಂಕಿ ನೋಡಿ. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. 5-10-10 ಅಥವಾ 6-10-10 ಸರಿಯಾದದ್ದು. ಬೆಳೆದ ಒಂದು ಗುಂಪಿಗೆ ಕಾಲು ಕಪ್, ಗೆಡ್ಡೆಯಿಂದ ಆರು ಇಂಚು ದೂರದಲ್ಲಿ ಸುತ್ತ ಉದುರಿಸಿ ಕೈಯಿಂದ ಕೆದಕಿ. ಗೆಡ್ಡೆಯ ಮೇಲೆ ಬಿದ್ದ ಹರಳನ್ನು ಗುಡಿಸಿ ತೆಗೆಯಿರಿ, ಅಲ್ಲೇ ಸುಟ್ಟ ಗಾಯವಾಗಿ ಕೊಳೆ ಹೊಗುತ್ತದೆ. ಹುಲ್ಲುಹಾಸಿಗೆ ಹಾಕುವ ಗೊಬ್ಬರದಲ್ಲಿ ಸಾರಜನಕವೇ ಹೆಚ್ಚು. ಅದು ಮಡಿಗೆ ಸಿಡಿದರೆ ಎಲೆ ಕೊಬ್ಬಿ ಮೆದುವಾಗಿ ರೋಗ ಕರೆದುಕೊಂಡು ಬರುತ್ತದೆ, ಹೂ ಬರುವುದಿಲ್ಲ. ಮಣ್ಣು ಮೊದಲೇ ಫಲವತ್ತಾಗಿದ್ದರೆ ಎರಡನೆಯ ಕಂತು ಬಿಟ್ಟರೂ ನಷ್ಟವಿಲ್ಲ.

ಬೇರು ಹಿಡಿದ ಗಿಡಕ್ಕೆ ಬೇಸಿಗೆಯಲ್ಲಿ ನೀರು ಬೇಕೇ ಇಲ್ಲ ಎನ್ನಬಹುದು, ಅರಿಜೋನಾದಂಥ ಮರುಭೂಮಿಯ ಊರುಗಳನ್ನು ಬಿಟ್ಟು. ಮೊಗ್ಗು ಕಟ್ಟುವ ಏಪ್ರಿಲ್–ಮೇ ಹೊತ್ತಿಗೆ ಮಳೆ ಕೈಕೊಟ್ಟರೆ ಮಾತ್ರ ವಾರಕ್ಕೊಮ್ಮೆ ಆಳವಾಗಿ ನೆನೆಸಿ. ಹುಲ್ಲುಹಾಸಿನ ತುಂತುರು ನಳಿಕೆ ದಿನಾ ಬೆಳಗ್ಗೆ ಮಡಿಯ ಮೇಲೂ ಚಿಮ್ಮುತ್ತಿದ್ದರೆ ಅದರ ತಲೆ ತಿರುಗಿಸಿ. ಎಲೆಚುಕ್ಕೆಗೂ ಗೆಡ್ಡೆಕೊಳೆಗೂ ಅದೇ ಮೂಲ.

ಕಳೆ ಕೈಯಿಂದ ಕೀಳಬೇಕು. ಗುದ್ದಲಿ ಹಾಕಿದರೆ ಮೇಲ್ಮೈಯಲ್ಲೇ ಇರುವ ಗೆಡ್ಡೆ, ಬೇರು ಎರಡೂ ತುಂಡಾಗುತ್ತವೆ. ಕಳೆಗೆ ಹೆದರಿ ಮರದ ಚಕ್ಕೆ ಹೊದಿಸುವವರು ಅಮೆರಿಕದಲ್ಲಿ ಬಹಳ. ಹೊದಿಸಲೇಬೇಕಿದ್ದರೆ ಗೆಡ್ಡೆಗಳಿಂದ ಒಂದಡಿ ದೂರದಲ್ಲಿ ನಿಲ್ಲಿಸಿ.

ಹೂ ಬಂದಾಗ

ಆರೆಗನ್‌ನಲ್ಲಿ ಮೇ ಮಧ್ಯದಿಂದ ಜೂನ್ ಮೊದಲ ವಾರದವರೆಗೆ ಐರಿಸ್ ಕಾಲ. ಟೆಕ್ಸಸ್‌ನಲ್ಲಿ ಏಪ್ರಿಲ್‌ನಲ್ಲೇ ಮುಗಿದುಹೋಗುತ್ತದೆ, ಮಿನೆಸೋಟದಲ್ಲಿ ಜೂನ್‌ಗೆ ಶುರುವಾಗುತ್ತದೆ. ಒಂದೊಂದು ಹೂ ಎರಡು ಮೂರು ದಿನ ಇರುತ್ತದೆ. ಕವಲುಗಳಲ್ಲಿ ಮೊಗ್ಗು ಸರದಿಯ ಮೇಲೆ ಬಿಚ್ಚುವುದರಿಂದ ಒಂದು ದಂಟು ವಾರ ಹತ್ತು ದಿನ ಮೆರೆಯುತ್ತದೆ.

ಇಷ್ಟು ದೊಡ್ಡ ಹೂ ಎರಡು ಮೂರು ಒಟ್ಟಿಗೆ ಅರಳಿ, ಮೇಲೆ ಒಂದು ಮಳೆ ಬಿದ್ದರೆ 39 ಇಂಚಿನ ದಂಟು ಬುಡದಲ್ಲೇ ಮುರಿಯುತ್ತದೆ, ಕೆಲವೊಮ್ಮೆ ಗೆಡ್ಡೆ ಸಮೇತ ಮಗುಚುತ್ತದೆ. ದಂಟು ಎರಡು ಅಡಿ ಬಂದಾಗಲೇ ಬಿದಿರು ಕಡ್ಡಿ ಊರಿ. ಗೆಡ್ಡೆಗೆ ಚುಚ್ಚದಂತೆ ನಾಲ್ಕು ಇಂಚು ಹಿಂದೆ. ಕೆಳಗಿನ ಕವಲಿಗಿಂತ ಸ್ವಲ್ಪ ಕೆಳಗೆ, ಮೆದು ದಾರದಿಂದ ಸಡಿಲವಾಗಿ ಕಟ್ಟಿ. ಬಾಡಿದ ಹೂವನ್ನು ದಿನಾ ಚಿವುಟಿ, ಆದರೆ ಪಕ್ಕದಲ್ಲೇ ಅವಿತಿರುವ ಮೊಗ್ಗು ಕೈಗೆ ಬಾರದಂತೆ ನೋಡಿಕೊಳ್ಳಿ. ಚಿವುಟಿದ ಹೂವಿನಿಂದ ನೇರಳೆ ರಸ ತೊಟ್ಟಿಕ್ಕುತ್ತದೆ. ಬಿಳಿ ಬಟ್ಟೆಗೆ, ಮೇಜಿನ ಹಾಸಿಗೆ ತಾಗಿದರೆ ಕಲೆ ಹೋಗುವುದು ಕಷ್ಟ. ಹೂದಾನಿಗೆ ಕೊಯ್ಯುವುದಾದರೆ ಬೆಳಗ್ಗೆ ಬೇಗ, ಮೊದಲ ಮೊಗ್ಗು ಬಣ್ಣ ತೋರಿ ಇನ್ನೇನು ಬಿಚ್ಚಬೇಕು ಎನ್ನುವಾಗ ಕೊಯ್ಯಿರಿ. ಅರಳಿದ್ದನ್ನು ಕೊಯ್ದು ಕಾರಿನಲ್ಲಿ ಒಯ್ದರೆ ಎಸಳು ಉಜ್ಜಿ ಹಾಳು.

ಎಲ್ಲ ಮೊಗ್ಗೂ ಮುಗಿದ ಮೇಲೆ ದಂಟನ್ನು ಬುಡದಿಂದ ಒಂದು ಇಂಚು ಬಿಟ್ಟು ಓರೆಯಾಗಿ ಕತ್ತರಿಸಿ. ಕಾಯಿ ಕಟ್ಟಲು ಬಿಟ್ಟರೆ ಗೆಡ್ಡೆಯ ಶಕ್ತಿ ಬೀಜಕ್ಕೆ ಹೋಗುತ್ತದೆ. ಉದುರಿದ ಬೀಜ ಗುಂಪಿನೊಳಗೇ ಮೊಳೆತರೆ ಮೂರು ವರ್ಷದ ನಂತರ ಡಸ್ಕಿ ಚಾಲೆಂಜರ್ ಬಣ್ಣ ಬದಲಿಸಿದೆ ಎಂದು ಬೆರಗಾಗುವ ಸರದಿ ನಿಮ್ಮದು.

ಹಸಿರೆಲೆಗೆ ಮಾತ್ರ ಕತ್ತರಿ ಹಾಕಬೇಡಿ. ಹೂ ಮುಗಿದ ಕೂಡಲೇ ಎಲ್ಲ ಎಲೆಯನ್ನೂ ಆರು ಇಂಚಿಗೆ ಕತ್ತರಿಸಿ ಚೊಕ್ಕಟ ಮಾಡುವ ರೂಢಿ ಅಕ್ಕಪಕ್ಕದ ಅಂಗಳಗಳಲ್ಲಿ ಕಾಣುತ್ತದೆ. ಮುಂದಿನ ವರ್ಷದ ಹೂವಿಗೆ ಮರಿಗೆಡ್ಡೆ ತಯಾರಾಗುವುದು ಆ ಎಲೆ ಉಣ್ಣಿಸಿದ ಆಹಾರದಿಂದ. ಎಲೆ ಮೋಟು ಮಾಡುವುದು ಕಿತ್ತು ನೆಡುವಾಗ ಮಾತ್ರ. ಆಗ ಬೇರಿಲ್ಲದ ಗೆಡ್ಡೆಗೆ ಅಷ್ಟು ಎಲೆಯನ್ನು ಸಾಕುವ ತ್ರಾಣ ಇರುವುದಿಲ್ಲ.

ಕಿತ್ತು ಬಿಡಿಸುವುದು

ಒಮ್ಮೆ ಹೂ ಕೊಟ್ಟ ಗೆಡ್ಡೆ ಮತ್ತೆ ಹೂ ಕೊಡುವುದಿಲ್ಲ. ಅದರ ಎರಡು ಪಕ್ಕೆಯಲ್ಲಿ ಹುಟ್ಟುವ ಮರಿಗೆಡ್ಡೆಗಳೇ ಮುಂದಿನ ವರ್ಷ ಹೂ ಬಿಡುವವು. ಹೀಗೆ ಮೂರು ನಾಲ್ಕು ವರ್ಷದಲ್ಲಿ ನಡುವೆ ಹಳೆಯ ಬೋಳುಗೆಡ್ಡೆಗಳ ರಾಶಿ, ಸುತ್ತ ಅಂಚಿನಲ್ಲಿ ಒತ್ತೊತ್ತಾಗಿ ಮರಿ. ಹೂ ಕಡಿಮೆಯಾಗತೊಡಗಿದರೆ ಕೀಳುವ ಕಾಲ ಬಂತು. ಡಸ್ಕಿ ಚಾಲೆಂಜರ್ ಅನ್ನು ಮೂರನೆಯ ವರ್ಷಕ್ಕೇ ಕಿತ್ತರೆ ಒಳ್ಳೆಯದು.

ಎಲೆಯನ್ನು ಆರು ಇಂಚಿಗೆ ಕತ್ತರಿಸಿ. ಗುಂಪಿನ ಸುತ್ತ ಮುಳ್ಳುಸಲಿಕೆ ಹಾಕಿ ಇಡಿಯಾಗಿ ಎಬ್ಬಿಸಿ, ಮಣ್ಣು ಝಾಡಿಸಿ ನೀರಲ್ಲಿ ತೊಳೆಯಿರಿ. ತೊಳೆಯದೆ ಒಳಗಿರುವ ಹುಳು, ಕೊಳೆ ಕಾಣುವುದಿಲ್ಲ. ಮರಿಗೆಡ್ಡೆಯನ್ನು ತಾಯಿಯಿಂದ ಕೈಯಲ್ಲೇ ಮುರಿಯಬಹುದು, ಬಾರದಿದ್ದರೆ ಚಾಕು. ಪ್ರತಿ ಗುಂಪು ಮುಗಿದ ಮೇಲೆ ಚಾಕುವನ್ನು ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣದಲ್ಲಿ ಅದ್ದಿ. ಇಟ್ಟುಕೊಳ್ಳಬೇಕಾದದ್ದು ಹೆಬ್ಬೆರಳಿಗಿಂತ ದಪ್ಪ, ಮೂರು ಇಂಚು ಉದ್ದ, ಒಂದು ಪುಷ್ಟ ಎಲೆಗುಚ್ಛ, ಬಿಳಿ ಬೇರು ಇರುವ ಮರಿ. ತಾಯಿಗೆಡ್ಡೆ ಎಷ್ಟೇ ಗಟ್ಟಿಯಾಗಿ ಕಂಡರೂ ಆಚೆ ಹಾಕಿ. ಬೇರನ್ನು ಮೂರು ನಾಲ್ಕು ಇಂಚಿಗೆ ಮೋಟು ಮಾಡಿ, ಕತ್ತರಿಸಿದ ಬಾಯಿಗೆ ಗಂಧಕದ ಪುಡಿ ಸವರಿ, ಒಂದು ದಿನ ನೆರಳಲ್ಲಿ ಒಣಗಿಸಿ. ಗಾಯ ಒಣಗಿ ಚಕ್ಕೆಗಟ್ಟಿದ ಮೇಲಷ್ಟೇ ನೆಡಿ. ಗೆಡ್ಡೆಯ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಕೈಗವಸು ಹಾಕಿ. ನಾಯಿ, ಬೆಕ್ಕು ಅಗಿದರೆ ವಾಂತಿ ಬೇಧಿ ಆಗುತ್ತದೆ. ಉಳಿದ ಚೂರುಗಳನ್ನು ಅಂಗಳದಲ್ಲಿ ಬಿಡಬೇಡಿ.

ಕೆಡುವುದು ಎಲ್ಲಿ

ಕೊರಕ ಹುಳುವೇ ಮೊದಲ ಶತ್ರು. ರಾಕಿ ಪರ್ವತಗಳ ಪೂರ್ವಕ್ಕೆ, ಅಂದರೆ ಷಿಕಾಗೊ, ನ್ಯೂಜರ್ಸಿ, ಮಿಷಿಗನ್ ಕಡೆ ಇದರ ಕಾಟ. ಆರೆಗನ್, ಕ್ಯಾಲಿಫೋರ್ನಿಯಾದವರು ಈ ಭಾಗ ದಾಟಬಹುದು. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಕಂದು ಪತಂಗ ಬಂದು ಒಣಗಿದ ಐರಿಸ್ ಎಲೆಯ ಮೇಲೆ ಮೊಟ್ಟೆ ಇಡುತ್ತದೆ. ಚಳಿಗಾಲವೆಲ್ಲ ಮೊಟ್ಟೆ ಅಲ್ಲೇ. ವಸಂತದಲ್ಲಿ ಹೊಸ ಎಲೆ ನಾಲ್ಕಾರು ಇಂಚು ಬರುವಷ್ಟರಲ್ಲಿ ಮರಿಹುಳು ಹೊರಬಂದು ಎಲೆಯೊಳಗೆ ಹೊಕ್ಕು, ಸೂಜಿಮೊನೆಯಷ್ಟು ತೂತು, ಅಂಚಿನಲ್ಲಿ ಹರಿದಂಥ ಗುರುತು, ನೀರು ಹಿಡಿದಂಥ ಗೆರೆ ಬಿಡುತ್ತ ಕೆಳಗಿಳಿಯುತ್ತದೆ. ಜುಲೈ ಹೊತ್ತಿಗೆ ಗೆಡ್ಡೆ ಸೇರಿ ಒಳಗೆಲ್ಲ ಟೊಳ್ಳು ಮಾಡುತ್ತದೆ. ಆ ಗಾಯದ ಹಾದಿಯಲ್ಲೇ ಕೊಳೆರೋಗವೂ ಒಳಬರುತ್ತದೆ.

ಸರಪಳಿಯನ್ನು ಮುರಿಯುವ ಜಾಗ ಮೊಟ್ಟೆ. ಒಂದೆರಡು ಗಟ್ಟಿ ಚಳಿ ಬಿದ್ದ ಮೇಲೆ, ನವೆಂಬರ್ ಹೊತ್ತಿಗೆ, ಒಣಗಿದ ಎಲೆ ದಂಟು ಎಲ್ಲವನ್ನೂ ಆಯ್ದು ಕಸದ ಚೀಲಕ್ಕೆ ಹಾಕಿ, ಕಾಂಪೋಸ್ಟ್ ಗುಂಡಿಗಲ್ಲ. ಇದೊಂದು ಕೆಲಸ ತಪ್ಪದೆ ಮಾಡಿದರೆ ಬಹಳಷ್ಟು ತೋಟಗಳಲ್ಲಿ ಔಷಧಿಯೇ ಬೇಕಾಗುವುದಿಲ್ಲ. ಮೇ ತಿಂಗಳಲ್ಲಿ ಎಲೆಯ ಮೇಲೆ ಗೆರೆ ಕಂಡರೆ ಅದರ ಕೆಳತುದಿಯನ್ನು ಎರಡು ಬೆರಳಿನಿಂದ ಒತ್ತಿ ಹುಳುವನ್ನು ಒಳಗೇ ಹಿಸುಕಿ. ಕಾಟ ಜಾಸ್ತಿ ಇರುವಲ್ಲಿ ಎಲೆ ಆರು ಇಂಚು ಮೀರುವ ಮೊದಲು ಸ್ಪಿನೊಸ್ಯಾಡ್ ಎಂಬ ಕೀಟನಾಶಕ ಸಿಂಪಡಿಸಬಹುದು, ಪ್ರಮಾಣ ಬಾಟಲಿಯ ಮೇಲಿದ್ದಂತೆ. ಹುಳು ಒಳಹೊಕ್ಕ ಮೇಲೆ ಸಿಂಪಡಣೆ ವ್ಯರ್ಥ. ಹೂ ಅರಳಿದಾಗ ಸಿಂಪಡಿಸಿದರೆ ಜೇನುಹುಳುಗಳಿಗೆ ಪೆಟ್ಟು.

ಮೆದುಕೊಳೆ ಬ್ಯಾಕ್ಟೀರಿಯಾದಿಂದ ಬರುವಂಥದ್ದು. ಎಲೆಗುಚ್ಛ ಬುಡದಿಂದ ಹಳದಿಯಾಗಿ ವಾಲುತ್ತದೆ, ಎಳೆದರೆ ಕೈಗೇ ಬರುತ್ತದೆ. ಗೆಡ್ಡೆ ಗಂಜಿಯಾಗಿ ಗಬ್ಬು ನಾರುತ್ತದೆ. ಆ ನಾತ ಒಮ್ಮೆ ಮೂಗಿಗೆ ಬಡಿದರೆ ಮತ್ತೆ ಗುರುತು ತಪ್ಪುವುದಿಲ್ಲ. ಹಳೆಯ ಚಮಚದಿಂದ ಕೊಳೆತದ್ದನ್ನು ಪೂರ್ತಿ, ಬಿಳಿ ಗಟ್ಟಿ ಭಾಗ ಕಾಣುವವರೆಗೆ ಕೆರೆದು ತೆಗೆಯಿರಿ. ಅದೇ ಒಂದಕ್ಕೆ ಒಂಬತ್ತು ಬ್ಲೀಚ್ ದ್ರಾವಣ ಗಾಯದ ಮೇಲೆ ಸುರಿದು, ಸುತ್ತಲಿನ ಮಣ್ಣು ಸರಿಸಿ, ಬಿಸಿಲಿಗೆ ತೆರೆದಿಡಿ. ಗೆಡ್ಡೆಯನ್ನು ಕೀಳಲೇಬೇಕೆಂದಿಲ್ಲ. ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಕಿತ್ತು, ಉಳಿದ ಮರಿಯನ್ನು ಒಣಗಿಸಿ ಬೇರೆ ಜಾಗದಲ್ಲಿ ನೆಡಿ.

ಬುಡದಲ್ಲಿ ಬಿಳಿ ಬೂಸ್ಟಿನ ಎಳೆ, ಅದರ ನಡುವೆ ಸಾಸಿವೆ ಗಾತ್ರದ ಕಂದು ಕಾಳು ಕಂಡರೆ ಅದು ಬೇರೆ ರೋಗ, ಶಿಲೀಂಧ್ರದ್ದು. ತೇವದ ಸೆಕೆಯಲ್ಲಿ, ಹೊದಿಕೆಯ ಕೆಳಗೆ ಬರುತ್ತದೆ. ಗಿಡದ ಜೊತೆಗೆ ಮೇಲಿನ ಆರು ಇಂಚು ಮಣ್ಣನ್ನೂ ಬಾಚಿ ಆಚೆ ಹಾಕಬೇಕು. ಆ ಕಾಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಎಲೆಚುಕ್ಕೆ ಆರೆಗನ್‌ನಂಥ ತೇವದ ಚಳಿಗಾಲದ ಕಡೆ ತಪ್ಪಿದ್ದಲ್ಲ. ಕಂದು ಚುಕ್ಕೆ, ಸುತ್ತ ಹಳದಿ ಅಂಚು. ನೋಡಲು ಅಸಹ್ಯ, ಗಿಡ ಸಾಯುವುದಿಲ್ಲ. ರೋಗದ ಎಲೆಯನ್ನು ಚುಕ್ಕೆಗಿಂತ ಒಂದಿಂಚು ಕೆಳಗೆ, ಆರೋಗ್ಯದ ಭಾಗದಲ್ಲಿ ಕತ್ತರಿಸಿ ಆಯ್ದು ತೆಗೆಯುತ್ತ ಬಂದರೆ ಹತೋಟಿಯಲ್ಲಿರುತ್ತದೆ.

ಎಲೆ ಚೆನ್ನಾಗಿದ್ದೂ ಹೂ ಬಾರದಿದ್ದರೆ ಮೊದಲು ಗೆಡ್ಡೆ ಹುಡುಕಿ. ಅಗೆಯದೆ ಸಿಗದಿದ್ದರೆ ಕಾರಣ ಗೊತ್ತಾಯಿತು. ವರ್ಷ ವರ್ಷ ಹೊದಿಸಿದ ಚಕ್ಕೆ ಕಳಿತು ಮಣ್ಣಾಗಿ ಗೆಡ್ಡೆ ತಾನಾಗಿಯೇ ಆಳಕ್ಕೆ ಹೋದಂತೆ ಆಗಿರುತ್ತದೆ. ಮೇಲಿನ ಮಣ್ಣು ಬ್ರಷ್‌ನಿಂದ ಸರಿಸಿದರೂ ಸಾಕು, ಕೀಳಬೇಕಿಲ್ಲ. ಗೆಡ್ಡೆ ಮೇಲೇ ಇದ್ದರೆ ತಲೆಯೆತ್ತಿ ನೋಡಿ: ನೆಟ್ಟಾಗ ಚಿಕ್ಕದಿದ್ದ ಮೇಪಲ್ ಮರ ಈಗ ನೆರಳು ಹಾಕುತ್ತಿರಬಹುದು. ಅದೂ ಅಲ್ಲದಿದ್ದರೆ ಗುಂಪು ಒತ್ತಾಗಿದೆ, ಇಲ್ಲವೇ ಸಾರಜನಕ ಹೆಚ್ಚಾಗಿದೆ. ಮೊಗ್ಗು ಬಂದು ಒಳಗೇ ಕಂದಿದ್ದರೆ ಏಪ್ರಿಲ್‌ನ ತಡವಾದ ಹಿಮ ಕಾರಣ. ಆ ರಾತ್ರಿ ಹಳೆಯ ಬೆಡ್‌ಶೀಟ್ ಮುಚ್ಚಿದ್ದರೆ ಉಳಿಯುತ್ತಿತ್ತು. ನೆಟ್ಟ ಮೊದಲ ವರ್ಷ ಹೂ ಬಾರದಿದ್ದರೆ ಅದನ್ನು ದೋಷವೆಂದು ಎಣಿಸಬೇಡಿ.

ಬೆಂಗಳೂರಿನಲ್ಲಿ ಬರುತ್ತದೆಯೇ

ಎಲೆ ಬರುತ್ತದೆ, ಹೂ ನಂಬುವಂತಿಲ್ಲ. ಅಮೆರಿಕದ ಕೃಷಿ ಇಲಾಖೆಯ ಚಳಿನಕ್ಷೆಯಲ್ಲಿ 3ರಿಂದ 9ನೇ ವಲಯದವರೆಗೆ (ಅಂಕಿ ಚಿಕ್ಕದಾದಷ್ಟೂ ಚಳಿ ಹೆಚ್ಚು) ಬೆಳೆಯುವ ಗಿಡ ಇದು. ಬೆಂಗಳೂರಿನ ಜನವರಿಯ ರಾತ್ರಿ 15 ಡಿಗ್ರಿಯ ಸುತ್ತ ಇರುತ್ತದೆ, ಹೂವಿಗೆ ಬೇಕಾದ ದೀರ್ಘ ಚಳಿ ಅದಲ್ಲ. ಅದರ ಮೇಲೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಯಲ್ಲಿ, ಅಂದರೆ ಗೆಡ್ಡೆ ಒಣಗಿ ವಿಶ್ರಾಂತಿ ಪಡೆಯಬೇಕಾದ ಹೊತ್ತಿನಲ್ಲಿ, ಕೊಳೆರೋಗ. ಮಲೆನಾಡು, ಕರಾವಳಿ ಮಾತೇ ಬೇಡ. ಭಾರತದಲ್ಲಿ ಗಡ್ಡದ ಐರಿಸ್ ನಿಜವಾಗಿ ಒಗ್ಗಿರುವುದು ಕಾಶ್ಮೀರ, ಹಿಮಾಚಲದ ಎತ್ತರದಲ್ಲಿ. ಕಾಶ್ಮೀರದಲ್ಲಿ ಸಮಾಧಿಗಳ ಮೇಲೆ ನೀಲಿ, ಬಿಳಿ ಐರಿಸ್ ನೆಡುವ ರೂಢಿ ಹಳೆಯದು. ಬೆಂಗಳೂರು, ಮೈಸೂರಿನ ಅಂಗಳಕ್ಕೆ ಐರಿಸ್ ಕುಟುಂಬದ ಹೂವೇ ಬೇಕೆಂದರೆ ಡಯೆಟಿಸ್ ಅಥವಾ ನಿಯೋಮರಿಕಾ ನೆಡಿ. ಹೂ ಚಿಕ್ಕದು, ಬಣ್ಣ ಬೇರೆ, ಆದರೆ ಚಳಿ ಬೇಡುವುದಿಲ್ಲ.

ಕಿತ್ತು ಬಿಡಿಸಿದಾಗ ಉಳಿಯುವ ಹತ್ತಾರು ಮರಿಗಳನ್ನು ಊರಿಗೆ ಹೊರಟ ಸೂಟ್‌ಕೇಸಿಗೆ ಹಾಕುವ ಆಸೆ ಹುಟ್ಟುತ್ತದೆ. ನೆಡುವ ಗೆಡ್ಡೆಯನ್ನು ಭಾರತಕ್ಕೆ ತರಲು ಆಮದು ಪರವಾನಗಿಯೂ ಹೊರಡುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ವಶಕ್ಕೆ ಪಡೆಯುತ್ತಾರೆ. ಅದರ ಬದಲು ಎಲೆಯ ಮೇಲೆ ಮಾರ್ಕರ್‌ನಿಂದ ತಳಿಯ ಹೆಸರು ಬರೆದು ಪಕ್ಕದ ಬೀದಿಯವರಿಗೆ ಕೊಡಿ. ಜೊತೆಗೆ ಹೂಳಬೇಡಿ ಎಂದು ಎರಡು ಸಲ ಹೇಳಿ.